ಕಾರಿಗೆ ಜಿಪಿಎಸ್ ಬೂಸ್ಟರ್ ಹಾಕಿಸುವ ಮುಂಚೆ ಇದನ್ನು ಓದಿ

"ಫೋನಿಗೆ ಜಿಪಿಎಸ್ ಸಿಗ್ನಲ್ ಜಾಸ್ತಿ ಬರೋ ಬೂಸ್ಟರ್ ಇದು" ಎಂದು ಯಾರಾದರೂ ಏನನ್ನಾದರೂ ತೋರಿಸಿದರೆ ದಯವಿಟ್ಟು ಕೊಳ್ಳಬೇಡಿ. ಸ್ಟೀರಿಯೋಗೆ ಹೊರಗಿನಿಂದ ಜೋಡಿಸುವ ಜಿಪಿಎಸ್ ಆಂಟೆನಾ ಎಂದರೆ ಮೋಸ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಆಂಟೆನಾವನ್ನು ಸರಿಯಾದ ಜಾಗದಲ್ಲಿ ಕೂರಿಸಿದರೆ ನಿಜಕ್ಕೂ ಉಪಯೋಗವಿದೆ. ಆದರೆ ನಮ್ಮಣ್ಣನ ಗಾಡಿಗೆ ಆಂಟೆನಾ ಹೆಸರಲ್ಲಿ ಮಾಡಿಟ್ಟಿದ್ದನ್ನು ನೋಡಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ಅಣ್ಣ ಸಕಲೇಶಪುರದಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಬಿಸಿಲೆ ಘಾಟ್ ಮೇಲೆ ಕುಕ್ಕೆಗೆ ಹೋಗುವ ಬಾಡಿಗೆ ಜಾಸ್ತಿ. ಆ ದಾರಿಯಲ್ಲಿ ಮೊಬೈಲ್ ನೆಟ್‌ವರ್ಕ್ ಎಷ್ಟೋ ಕಡೆ ಇರುವುದಿಲ್ಲ. ಮೇಲೆ ದಟ್ಟ ಮರ, ಪಕ್ಕದಲ್ಲಿ ಗುಡ್ಡ. ಕಾರಿನ ಆಂಡ್ರಾಯ್ಡ್ ಸ್ಟೀರಿಯೋದಲ್ಲಿ ಮ್ಯಾಪ್ ಡೌನ್‌ಲೋಡ್ ಮಾಡಿಟ್ಟಿದ್ದರೂ ಬಾಣದ ಗುರುತು ಅಲ್ಲಲ್ಲಿ ನಿಂತುಬಿಡುತ್ತಿತ್ತು. ಹಾಸನದ ಒಂದು ಕಾರ್ ಆಕ್ಸೆಸರೀಸ್ ಅಂಗಡಿಯವರು ಎಕ್ಸ್‌ಟರ್ನಲ್ ಆಂಟೆನಾ ಹಾಕಿಕೊಟ್ಟರು. ಏನೂ ಬದಲಾಗಲಿಲ್ಲ. ಮತ್ತೆ ಹೋದಾಗ, "ಅಣ್ಣಾ, ಈ ಗಾಡಿಗೆ ಬರೀ ಆಂಟೆನಾ ಸಾಲಲ್ಲ, ಬೂಸ್ಟರೇ ಬೇಕು. ಹಾಕಿದ್ರೆ ಫೋನಿಗೂ ಸಿಗ್ನಲ್ ಬರ್ತದೆ" ಎಂದು ಇನ್ನೊಂದು ಕಿಟ್ ಹಚ್ಚಿದರು. ಎರಡೂ ಸೇರಿ ಬಿಲ್ ಐದು ಸಾವಿರ ದಾಟಿತು.

ಬೂಸ್ಟರ್ ಹಾಕಿದ ಮೇಲೆ ಸ್ಟೀರಿಯೋ ಮಾತ್ರವಲ್ಲ, ಅದುವರೆಗೆ ಚೆನ್ನಾಗಿದ್ದ ಫೋನಿನ ಮ್ಯಾಪ್ ಕೂಡ ಕೆಟ್ಟಿತು. ಮಳೆಗಾಲದ ಒಂದು ರಾತ್ರಿ ವಯಸ್ಸಾದವರನ್ನು ಕೂರಿಸಿಕೊಂಡು ಹೊಸ ಹೋಂಸ್ಟೇ ಹುಡುಕುತ್ತಿದ್ದಾಗ ಬಾಣ ಹಿಂದೆಲ್ಲೋ ನಿಂತಿತ್ತು. ಗಾಡಿ ಯಾವುದೋ ಎಸ್ಟೇಟ್ ರಸ್ತೆಗೆ ಇಳಿಯಿತು. ಒಂದು ಕಡೆ ಚರಂಡಿ, ಇನ್ನೊಂದು ಕಡೆ ಕೆಸರು, ತಿರುಗಿಸಲು ಜಾಗವಿಲ್ಲ. ಕತ್ತಲಲ್ಲಿ ರಿವರ್ಸ್‌ನಲ್ಲೇ ಮೇಲೆ ಬರಬೇಕಾಯಿತು. ಹಿಂದೆ ಕೂತಿದ್ದ ಅಜ್ಜಿ ಹೆದರಿ ಅಳುತ್ತಿದ್ದರಂತೆ.

ಆಮೇಲೆ ನಾವಿಬ್ಬರೂ ಕೂತು ಡ್ಯಾಶ್‌ಬೋರ್ಡ್ ಬಿಚ್ಚಿದೆವು. ಮೊದಲು ಹಾಕಿದ್ದ ಆಂಟೆನಾ ಸ್ಟೀರಿಯೋ ಹಿಂದೆ, ಕಬ್ಬಿಣದ ಅಡ್ಡಪಟ್ಟಿಯ ಕೆಳಗೆ ಇತ್ತು. ಅದೂ ಮಕಾಡೆ ಅಂಟಿಸಿದ್ದರು. ವೈರನ್ನು ನಡುವೆ ಕತ್ತರಿಸಿ, ಬೇರೆ ತುಂಡು ಸೇರಿಸಿ, ತಿರುಚಿ ಟೇಪ್ ಸುತ್ತಿದ್ದರು. ಪಕ್ಕದಲ್ಲೇ ಡ್ಯಾಶ್‌ಕ್ಯಾಮ್‌ನ ಅಗ್ಗದ ಚಾರ್ಜರ್.

ಇದು ಯಾಕೆ ಇಷ್ಟು ದೊಡ್ಡ ತಪ್ಪು ಅಂತ ಹೇಳುತ್ತೇನೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಅಲ್ಲಿಂದ ನೆಲಕ್ಕೆ ಬರುವ ಸಿಗ್ನಲ್ ಒಂದು ವಾಟ್‌ನ ಕೋಟಿ ಕೋಟಿ ಪಾಲಿನಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟು ಕ್ಷೀಣವಾದದ್ದು ಲೋಹದೊಳಗೆ ತೂರಿ ಬರುವುದಿಲ್ಲ. ಚೌಕಾಕಾರದ ಆ ಪುಟ್ಟ ಡಬ್ಬಿಯೊಳಗೆ ಸೆರಾಮಿಕ್ ಬಿಲ್ಲೆ ಇರುತ್ತದೆ. ಅದರ ಮುಖ ಆಕಾಶಕ್ಕೇ ಇರಬೇಕು. ಮ್ಯಾಗ್ನೆಟ್ ಇರುವ ಕಡೆ ಕೆಳಗೆ. ಲೋಹ ಅದರ ಕೆಳಗಿದ್ದರೆ ಅನುಕೂಲವೇ, ಮೇಲಿದ್ದರೆ ಕಥೆ ಮುಗಿಯಿತು. ಆದ್ದರಿಂದ ಕಾರಿನ ಕಬ್ಬಿಣದ ಚಾವಣಿಯೇ ಅತ್ಯುತ್ತಮ ಜಾಗ. ಅದು ಬೇಡವೆಂದರೆ ಡ್ಯಾಶ್‌ಬೋರ್ಡ್ ಮೇಲೆ, ಮುಂದಿನ ಗಾಜಿನ ಬುಡದಲ್ಲಿ ಇಡಬಹುದು. ಗಾಜಿಗೆ ಲೋಹದ ಲೇಪನವಿರುವ ಫಿಲ್ಮ್ ಹಾಕಿಸಿದ್ದರೆ ಅಲ್ಲೂ ಸಿಗ್ನಲ್ ಕುಗ್ಗುತ್ತದೆ.

ವೈರ್ ವಿಷಯ ಇನ್ನೂ ಮುಖ್ಯ. ಅದು ಕೋಆಕ್ಸಿಯಲ್ ಕೇಬಲ್, ಅಂದರೆ ಟಿವಿ ಕೇಬಲ್ ತರಹ ನಡುವೆ ತಂತಿ, ಸುತ್ತ ಲೋಹದ ಹೆಣಿಗೆ ಇರುವಂಥದ್ದು. ಅದನ್ನು ಕರೆಂಟ್ ವೈರ್ ತರಹ ತಿರುಚಿ ಜೋಡಿಸುವಂತಿಲ್ಲ. ಜೊತೆಗೆ ಇಂಥ ಆಂಟೆನಾಗಳೊಳಗೆ ಚಿಕ್ಕ ಆಂಪ್ಲಿಫೈಯರ್ ಇರುತ್ತದೆ, ಅದಕ್ಕೆ 3ರಿಂದ 5 ವೋಲ್ಟ್ ಅದೇ ಕೇಬಲ್ ಮೂಲಕ ಸ್ಟೀರಿಯೋದಿಂದ ಹೋಗಬೇಕು. ಆಂಟೆನಾ ಬಿಚ್ಚಿ, ಸ್ಟೀರಿಯೋ ಆನ್ ಇಟ್ಟು, ಸ್ಟೀರಿಯೋ ಕಡೆಯ ಕನೆಕ್ಟರ್‌ನ ನಡುವಿನ ಪಿನ್ ಮತ್ತು ಹೊರಗಿನ ಲೋಹದ ನಡುವೆ ಮಲ್ಟಿಮೀಟರ್ ಇಟ್ಟು ನೋಡಿ. ವೋಲ್ಟೇಜ್ ಇಲ್ಲದಿದ್ದರೆ ಇಂಥ ಆಂಪ್ಲಿಫೈಯರ್ ಇರುವ (ಆಕ್ಟಿವ್) ಆಂಟೆನಾ ಹಾಕಿ ಪ್ರಯೋಜನವಿಲ್ಲ. ಕನೆಕ್ಟರ್‌ನಲ್ಲೂ ಎಚ್ಚರ. ಜಿಪಿಎಸ್‌ಗೆ ಬರುವುದು ಸಾಮಾನ್ಯವಾಗಿ ಎಸ್‌ಎಂಎ ಎಂಬ, ತಿರುಗಿಸಿ ಕೂರಿಸುವ ಕನೆಕ್ಟರ್. ವೈಫೈ ಆಂಟೆನಾಗಳ ಆರ್‌ಪಿ-ಎಸ್‌ಎಂಎ ನೋಡಲು ಅದೇ ಥರ, ತಿರುಪೂ ಸರಿಯಾಗಿ ಕೂರುತ್ತದೆ, ಆದರೆ ಒಳಗೆ ನಡುವಿನ ಸಂಪರ್ಕ ಆಗುವುದೇ ಇಲ್ಲ.

ಇನ್ನು ಆ ಬೂಸ್ಟರ್. ಇದು ನಿಜಕ್ಕೂ ಅಪಾಯದ ವಸ್ತು. ಚಾವಣಿಯ ಮೇಲಿನ ಆಂಟೆನಾ ಹಿಡಿದ ಸಿಗ್ನಲ್ಲನ್ನು ದೊಡ್ಡದು ಮಾಡಿ, ಕಾರಿನೊಳಗೆ ಇನ್ನೊಂದು ಆಂಟೆನಾದಿಂದ ಮತ್ತೆ ಗಾಳಿಗೆ ಬಿಡುತ್ತದೆ. ಕಾರಿನಂಥ ಚಿಕ್ಕ ಜಾಗದಲ್ಲಿ ಒಳಗೆ ಬಿಟ್ಟದ್ದು ಗಾಜಿನ ಮೂಲಕ ಹೊರಬಂದು ಚಾವಣಿಯ ಆಂಟೆನಾಕ್ಕೆ ವಾಪಸ್ ಸೇರಿಕೊಳ್ಳುತ್ತದೆ. ಮೈಕನ್ನು ಸ್ಪೀಕರ್ ಮುಂದೆ ಹಿಡಿದರೆ ಕೀ ಅಂತ ಕೂಗುತ್ತದಲ್ಲ, ಅದೇ ಆಗುವುದು. ಆ ಗದ್ದಲದಲ್ಲಿ ನಿಮ್ಮ ಫೋನ್ ಕುರುಡಾಗುತ್ತದೆ, ಅಕ್ಕಪಕ್ಕದವರ ಜಿಪಿಎಸ್‌ಗೂ ತೊಂದರೆ. 2010ರಲ್ಲಿ ಜರ್ಮನಿಯ ಹ್ಯಾನೋವರ್ ವಿಮಾನ ನಿಲ್ದಾಣದಲ್ಲಿ ವಿಮಾನ ನಿಲ್ಲಿಸುವ ಶೆಡ್ಡಿನೊಳಗೆ (ಹ್ಯಾಂಗರ್) ಇಟ್ಟಿದ್ದ ಇಂಥದ್ದೇ ರಿಪೀಟರ್‌ಗಳಿಂದ ಹೊರಗಿದ್ದ ವಿಮಾನಗಳ ಜಿಪಿಎಸ್ ಕೆಟ್ಟಿತ್ತು. ಗಾಳಿಗೆ ರೇಡಿಯೋ ಸಿಗ್ನಲ್ ಬಿಡುವ ಸಾಧನಕ್ಕೆ ನಮ್ಮಲ್ಲೂ ಸರ್ಕಾರದ ಅನುಮತಿ ಬೇಕು. ಅಣ್ಣನಿಗೆ ಕೊಟ್ಟ ಡಬ್ಬಿಯ ಮೇಲೆ ತಯಾರಕರ ಹೆಸರೂ ಇರಲಿಲ್ಲ.

ನಾವು ಪರೀಕ್ಷೆ ಮಾಡಿದ್ದು ಸುಲಭ. ಆಂಡ್ರಾಯ್ಡ್‌ನಲ್ಲಿ ಜಿಪಿಎಸ್‌ಟೆಸ್ಟ್ ಎನ್ನುವ ಉಚಿತ ಆಪ್ ಇದೆ. ಪ್ರತಿ ಉಪಗ್ರಹದ ಮುಂದೆ ಸಿಗ್ನಲ್ ಬಲದ ಅಂಕಿ ತೋರಿಸುತ್ತದೆ. ಬಯಲಲ್ಲಿ ನಿಂತರೆ ಒಳ್ಳೆಯ ಉಪಗ್ರಹಗಳಿಗೆ 35, 40ರ ಮೇಲೆ ಬರಬೇಕು. ಬೂಸ್ಟರ್ ಆನ್ ಇದ್ದಾಗ ಎಲ್ಲವೂ 20ರ ಕೆಳಗೆ. ಪ್ಲಗ್ ಕಿತ್ತ ಕೂಡಲೇ ಮೇಲೇರಿದವು. ಆಮೇಲೆ ಡ್ಯಾಶ್‌ಕ್ಯಾಮ್ ಚಾರ್ಜರ್ ಕಿತ್ತಾಗ ಇನ್ನೂ ಸ್ವಲ್ಪ ಏರಿತು. ಕಳಪೆ ಚಾರ್ಜರ್‌ಗಳು ಇಂಥ ರೇಡಿಯೋ ಗದ್ದಲ ಮಾಡುತ್ತವೆ. ಕೆಲವು ಗಾಡಿಗಳಲ್ಲಿ ಆಂಟೆನಾ ಬದಲಿಸುವ ಅಗತ್ಯವೇ ಇರುವುದಿಲ್ಲ, ಚಾರ್ಜರ್ ಬದಲಿಸಿದರೆ ಸಾಕು.

ಮಾಮೂಲಿ ಫೋನಿಗೆ ಹೊರಗಿನ ಜಿಪಿಎಸ್ ಆಂಟೆನಾ ಚುಚ್ಚುವ ಜಾಗವೇ ಇಲ್ಲ, ಅಲ್ವಾ? ಹಾಗಾಗಿ ಫೋನಿನ ಬೆನ್ನಿಗೆ ಅಂಟಿಸುವ ಸ್ಟಿಕರ್‌ಗಳೂ ಶುದ್ಧ ಸುಳ್ಳು. ಫೋನಿಗೆ ನಿಜವಾಗಿ ಸಹಾಯ ಬೇಕಿದ್ದರೆ ಬ್ಲೂಟೂತ್‌ನಲ್ಲಿ ಜೋಡಿಸುವ ಪ್ರತ್ಯೇಕ ಜಿಪಿಎಸ್ ರಿಸೀವರ್ ಸಿಗುತ್ತದೆ. ಅದು ಯಾವುದನ್ನೂ ದೊಡ್ಡದು ಮಾಡಿ ಗಾಳಿಗೆ ಬಿಡುವುದಿಲ್ಲ. ತಾನೇ ಲೆಕ್ಕ ಹಾಕಿ ಜಾಗ ತಿಳಿಸುತ್ತದೆ. ಮಾರುವವರು "ನಾವಿಕ್ (ಜಿಪಿಎಸ್ ಥರದ ನಮ್ಮ ದೇಶದ್ದೇ ಉಪಗ್ರಹ ವ್ಯವಸ್ಥೆ) ಕೂಡ ಹಿಡಿಯುತ್ತದೆ" ಅಂದರೆ ಯಾವ ಬ್ಯಾಂಡ್ ಎಂದು ಕೇಳಿ. ನಾವಿಕ್‌ನ ಎಲ್5 ಸಿಗ್ನಲ್ 1176.45 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಜಿಪಿಎಸ್‌ನ 1575.42ಕ್ಕೆ ಮಾತ್ರ ಮಾಡಿದ ಆಂಟೆನಾದಲ್ಲಿ ಅದು ಸಿಗುವುದಿಲ್ಲ. ಎಷ್ಟೇ ದುಬಾರಿ ಆಂಟೆನಾ ಆದರೂ ಗುಡ್ಡದ ಆಚೆಗಿರುವ ಉಪಗ್ರಹ ಕಾಣುವುದಿಲ್ಲ ಅನ್ನುವುದೂ ನೆನಪಿರಲಿ. ಘಾಟಿಗೆ ಇಳಿಯುವ ಮುಂಚೆ ಬಯಲು ಜಾಗದಲ್ಲಿ ಒಂದೆರಡು ನಿಮಿಷ ನಿಲ್ಲಿಸಿ, ಮ್ಯಾಪ್ ತೆಗೆದು, ಬಾಣ ಸರಿಯಾಗಿ ಕೂತ ಮೇಲೆ ಹೊರಡಿ. ನೆಟ್‌ವರ್ಕ್ ಇಲ್ಲದಾಗ ಉಪಗ್ರಹಗಳಿಂದಲೇ ಅವುಗಳ ಮಾಹಿತಿ ಇಳಿಸಿಕೊಳ್ಳಲು ರಿಸೀವರ್‌ಗೆ ಆ ಸಮಯ ಬೇಕೇ ಬೇಕು.

ಅಣ್ಣನ ಗಾಡಿಯಲ್ಲಿ ಈಗ ಸಾಧಾರಣ ಬೆಲೆಯ ಆಂಟೆನಾ ಚಾವಣಿಯ ಮೇಲಿದೆ, ಕೇಬಲ್ ಕತ್ತರಿಸದೆ ಬಾಗಿಲ ರಬ್ಬರ್ ಪಕ್ಕದಿಂದ ಒಳಗೆ ತಂದಿದ್ದೇವೆ. ಅಂಗಡಿಯವರು ದುಡ್ಡು ವಾಪಸ್ ಕೊಡಲಿಲ್ಲ. ನೀವು ಎಲ್ಲೇ ಹಾಕಿಸಿದರೂ ದುಡ್ಡು ಕೊಡುವ ಮುಂಚೆ ಅವರ ಎದುರಿಗೇ, ಸ್ಟೀರಿಯೋದಲ್ಲೇ ಆ ಆಪ್ ತೆರೆದು ಅಂಕಿ ನೋಡಿ. ಆಂಟೆನಾ ಎಲ್ಲಿ ಕೂರಿಸಿದ್ದಾರೆಂದು ಡ್ಯಾಶ್‌ಬೋರ್ಡ್ ಮುಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳಿ. ಈಗಾಗಲೇ ಬೂಸ್ಟರ್ ಹಾಕಿಸಿದವರು, ಅದರಲ್ಲೂ ವಿಮಾನ ನಿಲ್ದಾಣದ ಕಡೆ ಬಾಡಿಗೆ ಓಡಿಸುವವರು, ಇವತ್ತೇ ಅದರ ಪ್ಲಗ್ ಕಿತ್ತುಬಿಡಿ.