ಆರು ವರ್ಷದಿಂದ ಆಡಾಸಿಟಿ: ದನಿ ಒಡೆದು ಹರಿಯದಂತೆ ಮಿಕ್ಸ್ ಮಾಡೋದು ಕಲಿತದ್ದು

ದಾವಣಗೆರೆಯಲ್ಲಿ ಆಟೋ ಪ್ರಚಾರಕ್ಕೆ ದನಿ ಕೊಡುವುದು ನನ್ನ ಕೆಲಸ. ಬಟ್ಟೆ ಅಂಗಡಿ ಆಫರ್, ನಾಟಕ, ಜಾತ್ರೆ, ಎಲ್ಲವೂ ಮನೆಯ ಹಿಂದಿನ ರೂಮಿನಲ್ಲೇ ರೆಡಿಯಾಗುತ್ತವೆ. ಆರು ವರ್ಷದಿಂದ ಬಳಸುತ್ತಿರುವುದು ಆಡಾಸಿಟಿ, ದನಿ ರೆಕಾರ್ಡ್ ಮಾಡಿ ಎಡಿಟ್ ಮಾಡುವ ಸಾಫ್ಟ್‌ವೇರ್. ಫ್ರೀ, ಅದೇ ಮೊದಲ ಆಕರ್ಷಣೆ.

ಶುರುವಿನಲ್ಲಿ ಒಂದು ಎಡವಟ್ಟು ಮಾಡಿದ್ದೆ. ದುಗ್ಗಮ್ಮನ ಜಾತ್ರೆ ಟೈಮು. ನನ್ನ ದನಿ, ಹಿಂದೆ ಡೊಳ್ಳು. ಎರಡಕ್ಕೂ ಆಂಪ್ಲಿಫೈ ಅನ್ನೋ ಎಫೆಕ್ಟ್ ಕೊಟ್ಟು, ದನಿ ಏರಿಸಿ, ಸೊನ್ನೆ ಡೆಸಿಬೆಲ್ (ಡಿಬಿ) ಹತ್ತಿರ ತಂದಿದ್ದೆ. ಫೈಲಿನಲ್ಲಿ ದನಿಯ ಮಟ್ಟಕ್ಕೆ ಸೊನ್ನೆಯೇ ಮೇಲಿನ ಮಿತಿ, ಅದಕ್ಕಿಂತ ಕೆಳಗಿನದೆಲ್ಲ ಮೈನಸ್. ಜೋರಾಗಿದ್ದರೆ ಒಳ್ಳೇದಲ್ವಾ! ಮಾರನೇ ದಿನ ಆಟೋದವರ ಫೋನು: 'ಹಾರ್ನಿಗೆ ಹೊಸಾ ಯೂನಿಟ್ ಹಾಕೀನಿ ಸಾರ್, ಆದ್ರೂ ಹರೀತೈತಲ್ಲ?' ಹರಿದಿದ್ದು ಹಾರ್ನ್ ಅಲ್ಲ, ನನ್ನ ಫೈಲು. ಯೂನಿಟ್ಟಿನ ದುಡ್ಡು ನಾನೇ ಕೊಟ್ಟೆ.

ವ್ಯೂ ಮೆನುವಿನಲ್ಲಿ ಕ್ಲಿಪ್ಪಿಂಗ್, ಅಂದರೆ ಮಿತಿ ದಾಟಿ ಅಲೆ ಕತ್ತರಿಸಿಹೋಗುವುದನ್ನು, ಕೆಂಪು ಗೆರೆಯಲ್ಲಿ ತೋರಿಸುವ ಆಯ್ಕೆ ಆನ್ ಇತ್ತು. ಎಲ್ಲೂ ಒಂದು ಕೆಂಪು ಗೆರೆ ಇರಲಿಲ್ಲ. ಯಾಕೆಂದರೆ ಆ ಗೆರೆಗಳು ಒಂದೊಂದೇ ಟ್ರ್ಯಾಕಿನ ಕತೆ ಹೇಳುತ್ತವೆ, ನನ್ನ ದನಿಯದು ಒಂದು, ಡೊಳ್ಳಿನದು ಇನ್ನೊಂದು. ಕೂಡಿದ ಮೇಲೆ ಏನಾಯಿತು ಅನ್ನೋದು ಪ್ಲೇಬ್ಯಾಕ್ ಮೀಟರಿನ ತುದಿಯಲ್ಲಿ ಗೊತ್ತಾಗುತ್ತದೆ. ಅಲ್ಲಿ ಒಂದು ಸಲ ಕೆಂಪಾದರೆ ಹಾಗೇ ಉಳಿಯುತ್ತದೆ, ಚಹಾ ಕುಡಿದು ಬಂದು ನೋಡಿದರೂ ಸಿಗುತ್ತದೆ. ಮೈನಸ್ 3 ಡಿಬಿ ಇರುವ ಎರಡು ಏಟು ಒಂದೇ ಕ್ಷಣದಲ್ಲಿ ಕೂಡಿದರೆ ಪ್ಲಸ್ 3ರವರೆಗೂ ಹೋಗಬಹುದು. ಹೊರಗೆ ಹೋಗುವ ಫೈಲಿನಲ್ಲಿ ಸೊನ್ನೆಯ ಮೇಲೆ ಜಾಗವೇ ಇಲ್ಲ, ಅಲೆಯ ತಲೆ ಚಪ್ಪಟೆ.

ಆಡಾಸಿಟಿ ಒಳಗೆ ಮಾತ್ರ 32 ಬಿಟ್ ಫ್ಲೋಟ್‌ನಲ್ಲಿ, ಅಂದರೆ ಸೊನ್ನೆ ದಾಟಿದ್ದನ್ನೂ ಕತ್ತರಿಸದೆ ಹಿಡಿದಿಡುವ ಅಂಕಿಗಳಲ್ಲಿ, ಲೆಕ್ಕ ಇಡುತ್ತದೆ. ಹಾಗಾಗಿ ಮಿಕ್ಸ್ ಸೊನ್ನೆ ದಾಟಿದರೂ ಎಕ್ಸ್‌ಪೋರ್ಟ್ ಮಾಡುವ ಮುಂಚೆ ಕೆಳಗಿಳಿಸಿದರೆ ದನಿ ಸರಿಯಾಗಿ ವಾಪಸ್ ಬರುತ್ತದೆ. ಇಳಿಸದೆ ಹಾಗೇ 16 ಬಿಟ್ ವೇವ್ ಫೈಲು ಮಾಡಿದಿರೋ, ಕತ್ತರಿಸಿದ್ದು ಕತ್ತರಿಸಿದಂತೆಯೇ. ಮೈಕಿನಿಂದ ರೆಕಾರ್ಡ್ ಆಗುವಾಗಲೇ ಕ್ಲಿಪ್ ಆಗಿದ್ದರೆ ಈ ಉಪಾಯ ನಡೆಯಲ್ಲ, ಸ್ಲೈಡರ್ ಇಳಿಸಿದರೆ ಹರಿದ ದನಿಯೇ ಸಣ್ಣಗೆ ಕೇಳುತ್ತದೆ ಅಷ್ಟೇ.

ಈಗ ನನ್ನ ದನಿಯ ಗರಿಷ್ಠ ಏಟು ಮೈನಸ್ 10ರ ಆಸುಪಾಸು ಇರುವಂತೆ ರೆಕಾರ್ಡ್ ಮಾಡುತ್ತೇನೆ. ಡೊಳ್ಳು ಮೇಲೇಳಬೇಕು ಅನ್ನಿಸಿದರೆ ಅದನ್ನು ಏರಿಸುವುದಿಲ್ಲ, ಉಳಿದದ್ದನ್ನು ಇಳಿಸುತ್ತೇನೆ. ಎಲ್ಲಾ ಕೂಡಿಸಿದ ಮೇಲೆ ಕೊನೆಗೆ ಒಂದೇ ಸಲ ಆಂಪ್ಲಿಫೈ, ಮೈನಸ್ 1ಕ್ಕೆ. ಪೂರ್ತಿ ಸೊನ್ನೆಗೆ ಬೇಡ, ಎಂಪಿ3 ಮಾಡಿದಾಗ ಏಟುಗಳು ಸ್ವಲ್ಪ ಮೇಲೇಳುತ್ತವೆ.

ಹಳೇ ಆವೃತ್ತಿಗಳಲ್ಲಿ ಎಫೆಕ್ಟ್ ಕೊಟ್ಟರೆ ಟ್ರ್ಯಾಕೇ ಬದಲಾಗುತ್ತಿತ್ತು. 2022ರ 3.2ರಿಂದ ಓಡುತ್ತಿರುವಾಗಲೇ ಎಫೆಕ್ಟ್ ಹಾಕಿ ತೆಗೆಯಬಹುದು. ಈಗಲೂ ಹಳೇದರಲ್ಲಿ ಒದ್ದಾಡುತ್ತಿದ್ದರೆ ಸುಮ್ನೆ ಅಪ್‌ಡೇಟ್ ಮಾಡಿಕೊಳ್ಳಿ.

'ಸೌಂಡ್ ಜಾಸ್ತಿ ಮಾಡ್ರಿ' ಅನ್ನೋ ಗಿರಾಕಿಗಳು ಈಗಲೂ ಬರ್ತಾರೆ. ಅವರಿಗೆ ಆಟೋದ ಆಂಪ್ಲಿಫೈಯರ್ ತೋರಿಸುತ್ತೇನೆ.