ಎಲ್‌ರಾಯ್–ಸ್ಪಾರ್ಟಾ ಟ್ರೇಲ್: ಬೇಸಿಗೆಗೆ ಐದಕ್ಕೆ ಐದು, ಚಳಿಗಾಲಕ್ಕೆ ಬೇರೆ ದಾರಿ ನೋಡಿ

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹಳೇ ರೈಲು ದಾರಿಯ ಹಳಿ ಕಿತ್ತು ಸೈಕಲ್‌ಗೆ, ನಡಿಗೆಗೆ ಅಂತ ಮಾಡಿದ ಎಲ್‌ರಾಯ್–ಸ್ಪಾರ್ಟಾ ಟ್ರೇಲ್‌ಗೆ ಐದಕ್ಕೆ ಎಷ್ಟು ಅಂಕ ಕೊಡ್ತೀಯ ಅಂತ ಗೆಳತಿ ಕೇಳಿದಳು. ಯಾವ ತಿಂಗಳಿಗೆ ಅಂತ ನಾನು ತಿರುಗಿ ಕೇಳಿದೆ. ಜೂನ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಐದಕ್ಕೆ ಐದು. ಜನವರಿಯಲ್ಲಿ ನನ್ನಂಥವರಿಗೆ ಎರಡು. ಹಿಮ ಕರಗುವ ಹೊತ್ತಿನಲ್ಲಿ ಮನೆಯಲ್ಲೇ ಇರೋದು ವಾಸಿ.

ಈ ವ್ಯತ್ಯಾಸವನ್ನು ಹೇಳೋದು ಯಾಕೆ ಅಂದರೆ, ಹಳೇ ರೈಲು ದಾರಿಗಳನ್ನು ಟ್ರೇಲ್ ಮಾಡಿದ ಕಡೆಯಲ್ಲೆಲ್ಲ 'ವರ್ಷಪೂರ್ತಿ ಆನಂದಿಸಿ' ಅಂತ ಬರೆದಿರುತ್ತಾರೆ. ಸುಳ್ಳಲ್ಲ. ಆದರೆ ಯಾರು ಯಾವಾಗ ಆನಂದಿಸಬೇಕು ಅನ್ನೋದನ್ನು ಹೇಳಿರಲ್ಲ. ನಾವಿರೋದು ಮಿನ್ನೆಸೋಟಾದ ರೋಚೆಸ್ಟರ್‌ನಲ್ಲಿ. ನನಗೆ ಮಂಡಿ ನೋವು, ಏರು ಹತ್ತಲಾರೆ. ಹಾಗಾಗಿ ಇಂಥ ದಾರಿಗಳನ್ನು ಹುಡುಕಿಕೊಂಡು ಹೋಗೋದು ಈಗ ಅಭ್ಯಾಸವಾಗಿಬಿಟ್ಟಿದೆ. ಎಲ್‌ರಾಯ್–ಸ್ಪಾರ್ಟಾಗೆ ನಾಲ್ಕೂ ಕಾಲದಲ್ಲಿ ಹೋಗಿದ್ದೇನೆ.

ಮೊದಲು ಮಂಡಿಯ ವಿಷಯ. ಈ ಭಾಗಕ್ಕೆ ಡ್ರಿಫ್ಟ್‌ಲೆಸ್ ಪ್ರದೇಶ ಅಂತಾರೆ. ಹಿಮಯುಗದ ಹಿಮನದಿಗಳು ಸುತ್ತಮುತ್ತಲ ನೆಲವನ್ನೆಲ್ಲ ಉಜ್ಜಿ ಸಪಾಟು ಮಾಡಿದರೂ ಇದನ್ನು ಮುಟ್ಟಲಿಲ್ಲ. ಎಲ್ಲಿ ನೋಡಿದರೂ ಗುಡ್ಡ, ಕಣಿವೆ. ಇಲ್ಲಿನ ಡಾಂಬರು ರಸ್ತೆಯಲ್ಲಿ ಸೈಕಲ್ ತುಳಿದರೆ ಅರ್ಧ ಗಂಟೆಗೇ ಜೀವ ಬಾಯಿಗೆ ಬರುತ್ತದೆ. ಆದರೆ ರೈಲಿನದು ಉಕ್ಕಿನ ಹಳಿ ಮೇಲೆ ಉಕ್ಕಿನ ಚಕ್ರ. ಏರು ಸ್ವಲ್ಪ ಜಾಸ್ತಿ ಆದರೂ ಚಕ್ರ ಜಾರುತ್ತದೆ. ಹಾಗಾಗಿ ಈ ದಾರಿಯಲ್ಲಿ ನೂರು ಅಡಿಗೆ ಮೂರು ಅಡಿಗಿಂತ ಹೆಚ್ಚು ಏರೋ ಜಾಗವೇ ಇಲ್ಲ. ಗುಡ್ಡ ಅಡ್ಡ ಬಂದರೆ ಕಡಿದಿದ್ದಾರೆ, ಹಳ್ಳ ಬಂದರೆ ತುಂಬಿಸಿದ್ದಾರೆ, ಎರಡೂ ಆಗದಿದ್ದಲ್ಲಿ ಕೊರೆದಿದ್ದಾರೆ. ಅವತ್ತು ಇಂಜಿನ್‌ಗಾಗಿ ಪಟ್ಟ ಕಷ್ಟದ ಫಲ ಇವತ್ತು ನನ್ನ ಮಂಡಿಗೆ ಸಿಕ್ಕಿದೆ.

ಕೊರೆದ ಜಾಗಗಳೇ ಇಲ್ಲಿನ ಮೂರು ಸುರಂಗಗಳು. ಚಿಕಾಗೊ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಗಾಗಿ 1873ರ ಹೊತ್ತಿಗೆ ಮುಗಿಸಿದ್ದು. 1964ರಲ್ಲಿ ಈ ದಾರಿಯನ್ನು ಕಂಪನಿ ಕೈಬಿಟ್ಟಿತು. ಮರುವರ್ಷ ರಾಜ್ಯ ಸರ್ಕಾರ ಕೊಂಡುಕೊಂಡಿತು, 1967ರಲ್ಲಿ ಸೈಕಲ್‌ಗಳಿಗೆ ಬಿಟ್ಟುಕೊಟ್ಟಿತು. ಉದ್ದ ಸುಮಾರು 32 ಮೈಲಿ. ಅಮೆರಿಕದಲ್ಲಿ ಹಳಿ ಕಿತ್ತು ಟ್ರೇಲ್ ಮಾಡಿದ ಮೊದಮೊದಲ ದಾರಿಗಳಲ್ಲಿ ಇದೂ ಒಂದು. ಬಳಕೆಯಿಲ್ಲದ ರೈಲು ದಾರಿಗಳನ್ನು ಮುಂದೆಂದಾದರೂ ರೈಲಿಗೆ ಬೇಕಾದೀತು ಅಂತ ಕಾಯ್ದಿಟ್ಟು, ಅಲ್ಲಿಯವರೆಗೆ ಟ್ರೇಲ್ ಆಗಿ ಬಳಸಬಹುದು ಅನ್ನೋ ಕೇಂದ್ರದ ಕಾನೂನು ಬಂದದ್ದು 1983ರಲ್ಲಿ. ಅಂದರೆ ವಿಸ್ಕಾನ್ಸಿನ್‌ನವರು ಕಾನೂನಿಗೂ 16 ವರ್ಷ ಮುಂದೆ. ಈಗ ದೇಶದಲ್ಲಿ ಇಂಥ ದಾರಿಗಳ ಒಟ್ಟು ಉದ್ದ 25 ಸಾವಿರ ಮೈಲಿ ದಾಟಿದೆ.

ಸುರಂಗ 1 ದಾರಿಯಲ್ಲಿ ಸಿಗುವ ಕೆಂಡಾಲ್ ಮತ್ತು ವಿಲ್ಟನ್ ಊರುಗಳ ನಡುವೆ, 2 ವಿಲ್ಟನ್ ಮತ್ತು ನಾರ್ವಾಕ್ ನಡುವೆ. ಅವೆರಡೂ ಚೆನ್ನಾಗಿವೆ, ಬೇಗ ಮುಗಿಯುತ್ತವೆ. ಜನ ಬರೋದು ಮೂರನೆಯದಕ್ಕೆ. ನಾರ್ವಾಕ್ ದಾಟಿ ಸ್ಪಾರ್ಟಾ ಕಡೆ ಹೋಗುವಾಗ ಸಿಗುತ್ತದೆ. 3,810 ಅಡಿ ಉದ್ದ, ಹೆಚ್ಚುಕಮ್ಮಿ ಮುಕ್ಕಾಲು ಮೈಲಿ. ಒಳಗೆ ದೀಪ ಇಲ್ಲ. ಸೈಕಲ್ ತುಳಿಯುವ ಹಾಗಿಲ್ಲ, ಇಳಿದು ತಳ್ಳಿಕೊಂಡೇ ಹೋಗಬೇಕು. ಈ ನಿಯಮ ನನಗೆ ಬಹಳ ಇಷ್ಟ. ಒಳಗೆ ಎದುರಿಂದ ಬರೋರ ಟಾರ್ಚ್ ಬೆಳಕು ಬಿಟ್ಟರೆ ಬೇರೇನೂ ಕಾಣಲ್ಲ. ಅಂಥ ಕಡೆ ಯಾರಾದರೂ ಸೈಕಲ್ ಓಡಿಸಿಕೊಂಡು ಬಂದರೆ ಏನು ಗತಿ?

ಜುಲೈನಲ್ಲಿ ಅತ್ತೆ ಮಾವ ಬಂದಿದ್ದಾಗ ಅವರನ್ನೂ ಕರೆದುಕೊಂಡು ಹೋಗಿದ್ದೆವು. ಹೊರಗೆ ಸುಡು ಸೆಕೆ. ಸುರಂಗದ ಬಾಯಿಗೆ ಇನ್ನೂ ಸ್ವಲ್ಪ ದೂರ ಇರುವಾಗಲೇ ತಣ್ಣನೆ ಗಾಳಿ ಕಾಲಿಗೆ ತಾಗುತ್ತದೆ. 'ಒಳಗೆ ಹಾವು ಗೀವು ಇರಲ್ಲ ತಾನೇ?' ಅಂದರು ಅತ್ತೆ. ಹತ್ತು ಹೆಜ್ಜೆ ಬಂದು ವಾಪಸ್ ಹೋಗಿ ಬೆಂಚಿನ ಮೇಲೆ ಕೂತುಬಿಟ್ಟರು. ಮಾವ ಮಾತ್ರ ಊರುಗೋಲು ಹಿಡಿದು 'ನೀನು ಮುಂದೆ ನಡಿಯಮ್ಮಾ, ನಾನು ಬರ್ತೀನಿ' ಅಂತ ಹೊರಟೇಬಿಟ್ಟರು.

ಒಳಗೆ ಹೋದಂತೆ ಮೊದಲು ಕೇಳೋದು ನೀರಿನ ಸದ್ದು. ಕಲ್ಲಿನ ಸಂದಿಯಿಂದ ತೊಟ್ಟಿಕ್ಕುತ್ತದೆ, ಕೆಲವು ಕಡೆ ಸಣ್ಣಗೆ ಸುರಿಯುತ್ತದೆ. ಎಲ್ಲಿ ಯಾವಾಗ ಕತ್ತಿನ ಮೇಲೆ ಬೀಳುತ್ತೋ ಗೊತ್ತಾಗಲ್ಲ. ಆ ನೀರು ಹರಿದುಹೋಗಲಿ ಅಂತ ಪಕ್ಕದಲ್ಲಿ ಕಾಲುವೆ ಕಟ್ಟಿದ್ದಾರೆ. ಟಾರ್ಚನ್ನು ಸದಾ ಎದುರಿಗೇ ಹಿಡಿಯದೆ ಆಗಾಗ ಗೋಡೆಗೂ ಬಿಡಿ. ಕೊರೆದ ಕಲ್ಲು, ಅದನ್ನು ತಡೆದು ನಿಲ್ಲಿಸಲು ಕಟ್ಟಿದ ಕಲ್ಲು, ಎರಡೂ ಕಾಣುತ್ತವೆ. ನಡೆದು ದಾಟಲು ಇಪ್ಪತ್ತು ನಿಮಿಷವಾದರೂ ಬೇಕು, ಮಾವನ ಜೊತೆ ಅದಕ್ಕಿಂತ ಜಾಸ್ತಿಯೇ ಹಿಡಿಯಿತು. ಹೊರಗೆ ಕಾಲಿಟ್ಟ ತಕ್ಷಣ ಅವರ ಕನ್ನಡಕ ಪೂರ್ತಿ ಮಂಜಾಯಿತು. ಗಾಜು ಒಳಗಿನ ತಂಪಿಗೆ ತಣ್ಣಗಾಗಿತ್ತು, ಹೊರಗಿನ ಗಾಳಿಯಲ್ಲಿ ತೇವ. ಕನ್ನಡಕ ಒರೆಸುತ್ತಾ ನಿಂತು, 'ಇದನ್ನು ಕೈಯಲ್ಲಿ ಕೊರೆದವರು ಯಾರು, ಅವರ ಹೆಸರು ಎಲ್ಲಾದರೂ ಹಾಕಿದ್ದಾರಾ?' ಅಂದರು. ನನ್ನ ಕಣ್ಣಿಗಂತೂ ಎಲ್ಲೂ ಬೀಳಲಿಲ್ಲ.

ಸುರಂಗದ ಬಾಯಲ್ಲಿರುವ ದೊಡ್ಡ ಮರದ ಬಾಗಿಲುಗಳನ್ನು ನೋಡದೆ ಮುಂದೆ ಹೋಗಬೇಡಿ. ರೈಲು ಓಡುತ್ತಿದ್ದ ಕಾಲದಲ್ಲಿ ಚಳಿಗಾಲ ಬಂದರೆ ಇದಕ್ಕೆ ಕಾವಲುಗಾರ ಇರುತ್ತಿದ್ದ. ರೈಲು ಬಂದಾಗ ತೆಗೆಯೋದು, ಹೋದ ಮೇಲೆ ಮುಚ್ಚೋದು ಅವನ ಕೆಲಸ. ಯಾಕೆ ಗೊತ್ತಾ? ಕಲ್ಲಿನ ಸಂದಿಯಲ್ಲಿ ನಿಂತ ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಕಲ್ಲನ್ನು ಸೀಳುತ್ತದೆ. ಚಳಿ ಒಳಗೆ ನುಗ್ಗದ ಹಾಗೆ ನೋಡಿಕೊಂಡರೆ ಸುರಂಗ ಉಳಿಯುತ್ತದೆ. ಮಧ್ಯರಾತ್ರಿ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಎದ್ದು ಆ ಬಾಗಿಲು ತಳ್ಳುವ ಕೆಲಸ ನೆನೆಸಿಕೊಂಡರೇ ಮೈ ನಡುಗುತ್ತದೆ.

'ವರ್ಷಪೂರ್ತಿ' ಅನ್ನೋ ಮಾತು ಎಡವೋದು ಈ ಬಾಗಿಲ ಹತ್ತಿರವೇ. ಈಗಲೂ ಚಳಿಗಾಲದಲ್ಲಿ ಸುರಂಗ ಮುಚ್ಚುತ್ತಾರೆ. ಇಲ್ಲಿ ಮಾತ್ರ ಅಲ್ಲ. ಪಿಟ್ಸ್‌ಬರ್ಗ್‌ನಿಂದ ಮೇರಿಲ್ಯಾಂಡ್‌ನ ಕಂಬರ್‌ಲ್ಯಾಂಡ್‌ವರೆಗೆ 150 ಮೈಲಿ ಇರುವ ಗ್ರೇಟ್ ಆಲಿಗೇನಿ ಪ್ಯಾಸೇಜ್‌ನಲ್ಲೂ 3,294 ಅಡಿಯ ಬಿಗ್ ಸ್ಯಾವೇಜ್ ಸುರಂಗವನ್ನು ಚಳಿಗಾಲದಲ್ಲಿ ಮುಚ್ಚುತ್ತಾರೆ. ಐಡಾಹೊ–ಮೊಂಟಾನಾ ಗಡಿಯ ರೂಟ್ ಆಫ್ ದಿ ಹಯಾವಾಥಾ ಅಂತೂ ಬೇಸಿಗೆ ಬಿಟ್ಟರೆ ತೆರೆಯೋದೇ ಇಲ್ಲ. ಸುರಂಗಕ್ಕಾಗಿಯೇ ಹೋಗೋದಾದರೆ ಚಳಿಗಾಲ ಬಿಟ್ಟೇ ಹೋಗಬೇಕು, ಬೇರೆ ದಾರಿ ಇಲ್ಲ.

ಹಿಮ ಬಿದ್ದ ಮೇಲೆ ಎಲ್‌ರಾಯ್–ಸ್ಪಾರ್ಟಾ ಸ್ನೋಮೊಬೈಲ್‌ನವರದು, ಅಂದರೆ ಹಿಮದ ಮೇಲೆ ಮೋಟಾರ್ ಗಾಡಿ ಓಡಿಸೋರದು. ಅವರಿಗೆ ಇದು ಸ್ವರ್ಗ, ಒಪ್ಪುತ್ತೇನೆ. ಮುಚ್ಚಿದ ಸುರಂಗಗಳ ಹೊರಗಿನಿಂದ ಸುತ್ತಿಕೊಂಡು ಹೋಗಲು ಬೇರೆ ದಾರಿ ಇದೆ, ಊರಿಂದ ಊರಿಗೆ ಆರಾಮಾಗಿ ಹೋಗುತ್ತಾರೆ. ನಡೆಯೋರಿಗೆ, ಸ್ಕೀ ಮಾಡೋರಿಗೆ ಬರಬೇಡಿ ಅಂತ ಯಾರೂ ಹೇಳಲ್ಲ. ಆದರೆ ಹಿಂದಿನಿಂದ ಆ ಇಂಜಿನ್ ಸದ್ದು ಕೇಳಿದಾಗಲೆಲ್ಲ ಹಿಮದಲ್ಲಿ ಪಕ್ಕಕ್ಕೆ ಸರಿದು ನಿಲ್ಲಬೇಕು. ಅವರು ಹೋದ ಮೇಲೂ ಹೊಗೆ ವಾಸನೆ ಕಣಿವೆಯಲ್ಲೇ ಸುತ್ತುತ್ತಿರುತ್ತದೆ. ಹಿಮದ ನಿಶ್ಶಬ್ದ ಬೇಕು ಅಂತ ಹೋದವಳಿಗೆ ಇದು ಸರಿಹೋಗಲಿಲ್ಲ. ಹಿಮವೂ ಈಗ ಗ್ಯಾರಂಟಿ ಅಲ್ಲ. 2023–24ರ ಚಳಿಗಾಲದಲ್ಲಿ ಈ ಕಡೆಯೆಲ್ಲ ಹಿಮ ನೆಟ್ಟಗೆ ಬೀಳಲೇ ಇಲ್ಲ, ಸ್ನೋಮೊಬೈಲ್‌ನವರೂ ಸ್ಕೀಯವರೂ ಒಟ್ಟಿಗೇ ಪೆಚ್ಚಾದರು.

ಚಳಿಗಾಲಕ್ಕೆ ನಾನು ಹೋಗೋದು ಮಿನ್ನೆಸೋಟಾದ ಕ್ಯಾನನ್ ವ್ಯಾಲಿ ಟ್ರೇಲ್‌ಗೆ. ಕ್ಯಾನನ್ ಫಾಲ್ಸ್‌ನಿಂದ ರೆಡ್ ವಿಂಗ್‌ಗೆ 19.7 ಮೈಲಿ. ಇದೂ ಹಳೇ ರೈಲು ದಾರಿಯೇ. ಬೇಸಿಗೆಯಲ್ಲಿ ಡಾಂಬರು, ಚಳಿಗಾಲದಲ್ಲಿ ಸ್ಕೀಗೆ ಅಂತ ಹಿಮವನ್ನು ಹದ ಮಾಡಿ ಗೆರೆ ಹಾಕಿಕೊಡುತ್ತಾರೆ. ಮೋಟಾರ್ ಗಾಡಿಗೆ ಪ್ರವೇಶ ಇಲ್ಲ. ನದಿ ಪಕ್ಕದಲ್ಲೇ ಸಾಗುತ್ತದೆ. ಪಾಸ್ ಬೇಕು, ಮರೀಬೇಡಿ. ಸ್ಕೀ ಹೊಸತಾಗಿ ಕಲಿಯೋರಿಗೆ ರೈಲು ದಾರಿಗಿಂತ ಒಳ್ಳೇ ಜಾಗ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಇಳಿಜಾರು ಕಡಿಮೆ, ತಿರುವೂ ನಿಧಾನ. ಬಿದ್ದರೂ ನಗುವವರು ಕಡಿಮೆ.

ಮತ್ತೆ ಎಲ್‌ರಾಯ್–ಸ್ಪಾರ್ಟಾಗೆ ಬರೋಣ. ಇಲ್ಲಿ ಡಾಂಬರಿಲ್ಲ, ಸುಣ್ಣಕಲ್ಲಿನ ಪುಡಿ ಹಾಸಿ ಗಟ್ಟಿ ಮಾಡಿದ್ದಾರೆ. ಒಣಗಿದ್ದಾಗ ಬಲು ಹಿತ. ಮಳೆಯಾದ ಮರುದಿನ, ಅಥವಾ ಹಿಮ ಕರಗುವಾಗ, ಅದು ದೋಸೆ ಹಿಟ್ಟಿನ ಹದಕ್ಕೆ ಬಂದು ಚೈನ್‌ಗೆ, ಬ್ರೇಕ್‌ಗೆ, ಪ್ಯಾಂಟಿನ ಹಿಂಭಾಗಕ್ಕೆಲ್ಲ ಮೆತ್ತಿಕೊಳ್ಳುತ್ತದೆ. ಒಣಗಿದ ಮೇಲೆ ಚೈನ್ ಕರಕರ ಅನ್ನುತ್ತದೆ. ಮನೆಗೆ ಬಂದ ದಿನವೇ ತೊಳೆದು ಎಣ್ಣೆ ಬಿಡಿ. ಹಿಮ ಕರಗುವ ಹೊತ್ತಿನಲ್ಲಿ ಬೇಡ ಅಂದಿದ್ದು ಇದಕ್ಕೇ. ತೆಳು ಟೈರಿನ ರೇಸ್ ಸೈಕಲ್ ಬೇಡ, ಸ್ವಲ್ಪ ಅಗಲದ ಟೈರ್ ಇರಲಿ. ಬಾಡಿಗೆ ಸೈಕಲ್ ತಗೊಳ್ಳೋರು ಬ್ರೇಕ್ ಹಿಡಿದು ನೋಡಿ, ಸೀಟ್ ಎತ್ತರ ಸರಿಮಾಡಿಸಿಕೊಂಡು ಹೊರಡಿ. ಒಂದು ಅಂಗಡಿಯವರು ನನಗೆ ಕೊಟ್ಟ ಸೈಕಲ್ಲಿನ ಸೀಟು ಪ್ರತಿ ಮೈಲಿಗೂ ಒಂದಿಷ್ಟು ಕೆಳಗಿಳಿಯುತ್ತಿತ್ತು. ಮಂಡಿ ನೋವಿನವಳಿಗೆ ಅದಕ್ಕಿಂತ ಶಿಕ್ಷೆ ಬೇಕಾ!

ಸೈಕಲ್‌ಗೆ, ಸ್ಕೀಗೆ 16 ವರ್ಷ ತುಂಬಿದವರಿಗೆ ರಾಜ್ಯದ ಟ್ರೇಲ್ ಪಾಸ್ ಬೇಕು. ದಿನಕ್ಕೆ 5 ಡಾಲರ್, ವರ್ಷಕ್ಕೆ 25. ಸುಮ್ನೆ ನಡೆಯೋರಿಗೆ ಏನೂ ಇಲ್ಲ. ವರ್ಷದ್ದೇ ತಗೊಳ್ಳಿ, ವಿಸ್ಕಾನ್ಸಿನ್‌ನ ಬೇರೆ ರಾಜ್ಯ ಟ್ರೇಲ್‌ಗಳಲ್ಲೂ ನಡೆಯುತ್ತದೆ. ಸ್ಪಾರ್ಟಾದಿಂದ ಮುಂದಕ್ಕೆ ಲಾ ಕ್ರಾಸ್ ರಿವರ್ ಟ್ರೇಲ್, ಎಲ್‌ರಾಯ್‌ನಿಂದ ರೀಡ್ಸ್‌ಬರ್ಗ್ ಕಡೆಗೆ 22 ಮೈಲಿಯ '400' ಟ್ರೇಲ್, ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿವೆ. ಈ '400' ಹಿಂದೆ ಇದೇ ರೈಲ್ವೆ ಕಂಪನಿ ಓಡಿಸುತ್ತಿದ್ದ ಒಂದು ರೈಲಿನ ಹೆಸರು. ಚಿಕಾಗೊದಿಂದ ಮಿನ್ನಿಯಾಪೊಲಿಸ್–ಸೇಂಟ್ ಪಾಲ್ ಕಡೆಗೆ ಸುಮಾರು 400 ಮೈಲಿಯನ್ನು 400 ನಿಮಿಷದಲ್ಲಿ ಮುಟ್ಟಿಸುತ್ತೇವೆ ಅನ್ನೋ ಹೆಮ್ಮೆ. ನಾವು 22 ಮೈಲಿಗೆ ಇಡೀ ದಿನ ತಗೊಂಡೆವು, ನಮಗೇನೂ ಬೇಜಾರಿಲ್ಲ.

ಊರುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಕೆಂಡಾಲ್‌ನ ಹಳೇ ಸ್ಟೇಷನ್ನೇ ಈಗ ಟ್ರೇಲ್‌ನ ಕಚೇರಿ. ವಿಲ್ಟನ್ ಸುತ್ತ ಆಮಿಶ್ ಜನರ (ಕಾರು ಬಿಟ್ಟು ಹಳೇ ರೀತಿಯಲ್ಲೇ ಬದುಕುವ ಕ್ರೈಸ್ತ ಪಂಗಡದವರು) ಕುದುರೆಗಾಡಿ ಕಾಣಬಹುದು. ಫೋಟೊ ತೆಗೆಯೋದನ್ನು ಅವರು ಇಷ್ಟಪಡಲ್ಲ, ಮೊಬೈಲ್ ಜೇಬಲ್ಲೇ ಇರಲಿ. ಸ್ಪಾರ್ಟಾದಲ್ಲಿ ದೊಡ್ಡ ಚಕ್ರದ ಹಳೇ ಸೈಕಲ್ ಮೇಲೆ ಕೂತ ಬೃಹತ್ ಪ್ರತಿಮೆ ಇದೆ, ಮಕ್ಕಳಿಗೆ ಖುಷಿ. ನನಗೆ ಇಷ್ಟವಾಗಿದ್ದು ಅಲ್ಲಿನ ಮ್ಯೂಸಿಯಂ. ಸ್ಪಾರ್ಟಾದವರೇ ಆದ ಗಗನಯಾತ್ರಿ ಡೀಕ್ ಸ್ಲೇಟನ್ ಹೆಸರಿನದು. 1975ರ ಅಪೊಲೊ–ಸೊಯೂಜ್ ಯಾನದಲ್ಲಿ ಹೋದವರು. ಒಂದೇ ಸೂರಿನಡಿ ಬಾಹ್ಯಾಕಾಶವೂ ಇದೆ, ಸೈಕಲ್ಲೂ ಇದೆ. ವಿಚಿತ್ರ ಜೋಡಿ, ಅಲ್ವಾ?

ಪೂರ್ತಿ 32 ಮೈಲಿ ಒಂದೇ ದಿನ ಹೋಗಿ, ಅದೇ ದಿನ ವಾಪಸ್ ಬರುವ ಯೋಚನೆ ಬೇಡ, ಅದು 64 ಆಗುತ್ತದೆ. ಎರಡು ಕಾರಿದ್ದರೆ ಒಂದನ್ನು ಆ ತುದಿಯಲ್ಲಿ ಬಿಡಿ. ಒಂದೇ ಕಾರಾದರೆ ನಾರ್ವಾಕ್‌ನಲ್ಲಿ ನಿಲ್ಲಿಸಿ ಮೂರನೇ ಸುರಂಗ ದಾಟಿ ಹಿಂದಿರುಗಿ, ಅರ್ಧ ದಿನಕ್ಕೆ ಸಾಕು. ತಲೆಗೆ ಕಟ್ಟುವ ಟಾರ್ಚ್ ತಗೊಳ್ಳಿ, ಎರಡೂ ಕೈ ಸೈಕಲ್ ಮೇಲಿರುತ್ತವೆ. ಮೊಬೈಲ್ ಬೆಳಕು ಆ ಕತ್ತಲೆಗೆ ಸಾಲದು. ಜುಲೈ ಆದರೂ ಒಂದು ಜಾಕೆಟ್ ಇರಲಿ. ಬೇಸಿಗೆಯಲ್ಲಿ ಹುಲ್ಲಿನಲ್ಲಿ ಕೂತೆದ್ದರೆ ರಕ್ತ ಹೀರುವ ಉಣ್ಣಿ ಹತ್ತಿದೆಯಾ ಅಂತ ಕಾಲು, ಕುತ್ತಿಗೆ ನೋಡಿಕೊಳ್ಳಿ. ಅದು ಕಚ್ಚಿ ಬರುವ ಲೈಮ್ ಕಾಯಿಲೆ ಈ ಕಡೆ ಜಾಸ್ತಿ. ಜೋರು ಮಳೆಯಾದಾಗ ಇಲ್ಲಿನ ಹೊಳೆಗಳು ಉಕ್ಕಿ ದಾರಿ ಕೊಚ್ಚಿಹೋಗೋದುಂಟು, 2018ರಲ್ಲಿ ಹಾಗೇ ಆಗಿತ್ತು. ಹೊರಡುವ ಮುಂಚೆ ದಾರಿ, ಸುರಂಗ ಎರಡೂ ತೆರೆದಿವೆಯಾ ಅಂತ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಮಾಹಿತಿ ನೋಡಿಕೊಳ್ಳಿ.

ಒಂದೇ ಸಲ ಹೋಗೋಕೆ ಆಗೋದು ಅಂದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರು ಇಟ್ಟುಕೊಳ್ಳಿ. ಸೊಳ್ಳೆ ಕಡಿಮೆ, ಎಲೆಗಳಿಗೆ ಬಣ್ಣ ಬಂದಿರುತ್ತದೆ, ಸುರಂಗವೂ ತೆರೆದಿರುತ್ತದೆ. ಶನಿವಾರ ಬಿಟ್ಟು ವಾರದ ನಡುವೆ ರಜೆ ಹಾಕಿ ಹೋದರೆ ಇನ್ನೂ ಉತ್ತಮ.