ಚಾಚುಬಂಡೆಗೆ ಬೋಲ್ಟ್ ಹಾಕಲು ಬಾಷ್ ಜಿಬಿಎಚ್ 18ವಿ-26

ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ, ಸ್ಮಾರಕಗಳಿಂದ ಬಹುದೂರ, ಜಮೀನಿನವರ ಒಪ್ಪಿಗೆ ಪಡೆದು ನಾವು ಮೂವರು ಗೆಳೆಯರು ಕಳೆದ ಚಳಿಗಾಲದಲ್ಲಿ ಬಂಡೆ ಹತ್ತುವವರಿಗಾಗಿ ಒಂದು ಹೊಸ ಸ್ಪೋರ್ಟ್ ರೂಟ್, ಅಂದರೆ ಹಗ್ಗ ಸಿಕ್ಕಿಸಲು ಬಂಡೆಯಲ್ಲಿ ಬೋಲ್ಟುಗಳನ್ನು ಖಾಯಂ ಆಗಿ ಕೂರಿಸಿದ ಹತ್ತುದಾರಿ, ಸಿದ್ಧಪಡಿಸಿದೆವು. ಅದಕ್ಕೆಂದೇ ಕೊಂಡ ಬ್ಯಾಟರಿ ಡ್ರಿಲ್ಲಿನ ಬಗ್ಗೆ ಈ ವಿಮರ್ಶೆ.

ನೆಟ್ಟಗಿನ ಗೋಡೆಯಾದರೆ ಕೊರೆಯುವುದು ಅಷ್ಟು ಕಷ್ಟವಲ್ಲ. ಮುಂದಕ್ಕೆ ಚಾಚಿದ ಬಂಡೆಯಲ್ಲಿ ಮೇಲಿನಿಂದ ಇಳಿಬಿಟ್ಟ ಹಗ್ಗ ಗೋಡೆಯಿಂದ ಮಾರು ದೂರ ತೂಗುವುದರಿಂದ, ಕೊಕ್ಕೆಗಳನ್ನೋ ತಾತ್ಕಾಲಿಕ ಬೋಲ್ಟುಗಳನ್ನೋ ಆಧರಿಸಿ ಮೈಯನ್ನು ಬಂಡೆಗೆ ಎಳೆದು ಕಟ್ಟಿಕೊಂಡು, ಕಲ್ಲಿನ ಪುಡಿ ರೆಪ್ಪೆಯ ಮೇಲೆ ಸುರಿಯುತ್ತಿರುವಾಗಲೇ ತಲೆಯ ಮೇಲೆ ಕೈ ಚಾಚಿ ಕೊರೆಯಬೇಕಾಗುತ್ತದೆ. ಆ ಸ್ಥಿತಿಯಲ್ಲಿ ತೋಳು ಎಷ್ಟು ಹೊತ್ತು ತಡೆಯುತ್ತದೆ ಎಂಬುದೇ ಮುಖ್ಯ.

ಇದನ್ನು ನಾವು ಪೆಟ್ಟು ತಿಂದೇ ಕಲಿತೆವು. ಮೊದಲು ಒಂದು ಅಂಗಡಿಯಿಂದ ಬಾಡಿಗೆಗೆ ತಂದ ಭಾರದ ಡ್ರಿಲ್ಲಿನಿಂದ ಕೊರೆದಾಗ ನನ್ನ ಕೈ ಸೋತು, ಏಳನೆಯ ಬೋಲ್ಟ್ ಗುರುತು ಮಾಡಿದ ಜಾಗಕ್ಕಿಂತ ಒಂದು ಗೇಣು ಕೆಳಗೆ ಕೂತಿತು. ಹತ್ತಲು ಹೋದಾಗ, ಎರಡೇ ಬೆರಳು ಹಿಡಿಸುವ ಸೀಳಿನಲ್ಲಿ ತೂಗಿಕೊಂಡೇ ಕ್ವಿಕ್‌ಡ್ರಾಗೆ, ಅಂದರೆ ಬೋಲ್ಟಿಗೆ ತೂಗುಹಾಕಿದ ಜೋಡಿ ಕೊಂಡಿಗೆ, ಹಗ್ಗ ಸಿಕ್ಕಿಸಬೇಕಾಯಿತು. ಒಂದು ಗೇಣು ಮೇಲಿದ್ದಿದ್ದರೆ ಗಟ್ಟಿ ಹಿಡಿಯಿಂದಲೇ ಆಗುತ್ತಿತ್ತು. ಆ ಬೋಲ್ಟನ್ನು ಕತ್ತರಿಸಿ, ರಂಧ್ರವನ್ನು ಮುಚ್ಚಿ, ಹೊಸದಾಗಿ ಕೊರೆದೆವು. ನಾರ್ವೆಯ ಫ್ಲಾಟಾಂಗರ್‌ನಲ್ಲಿ ಜೆಕ್ ಹತ್ತುಗಾರ ಆಡಮ್ ಓಂದ್ರಾ ತಾನೇ ಬೋಲ್ಟ್ ಹಾಕಿ 2017ರಲ್ಲಿ ಏರಿದ, 9ಸಿ ಎಂಬ ಅತಿ ಕಠಿಣ ದರ್ಜೆಯ ‘ಸೈಲೆನ್ಸ್’ ರೂಟಿನ ಬಗ್ಗೆ ಓದುವಾಗಲೆಲ್ಲ ನನಗೆ ಅನ್ನಿಸುವುದು ಇಷ್ಟೇ: ಹತ್ತುವವನ ಕೈ ಬೇಡುವ ಜಾಗದಲ್ಲಿ ಬೋಲ್ಟ್ ಇರಬೇಕೇ ಹೊರತು ಕೊರೆಯುವವನ ಕೈಗೆ ಎಟುಕಿದ ಜಾಗದಲ್ಲಲ್ಲ.

ಈ ಕೆಲಸದಲ್ಲಿ ಜಿಬಿಎಚ್ 18ವಿ-26 ನನಗೆ ನಿಜವಾಗಿ ಒದಗಿಬಂತು. ಹೊಡೆತದ ಶಕ್ತಿ 2.6 ಜೂಲ್ ಇರುವುದರಿಂದ ಮೈಭಾರ ಹಾಕಿ ಒತ್ತುವ ಅಗತ್ಯವಿಲ್ಲ. ಬಿಟ್ಟಿನ, ಅಂದರೆ ಕೊರೆಯುವ ಸಲಾಕೆಯ, ತುದಿಯನ್ನು ಗುರುತಿನ ಮೇಲಿಟ್ಟು ಮೆಲ್ಲನೆ ಟ್ರಿಗರ್ ಒತ್ತಿದರೆ ತುದಿ ಜಾರದೆ ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಬಿಟ್ ಸಿಕ್ಕಿಕೊಂಡು ಡ್ರಿಲ್ ಥಟ್ಟನೆ ತಿರುಗಿದರೆ ಮೋಟಾರನ್ನು ನಿಲ್ಲಿಸುವ ವ್ಯವಸ್ಥೆಯೂ ಇದೆ. ಹಗ್ಗದಲ್ಲಿ ತೂಗುತ್ತಿರುವವನ ಮಣಿಕಟ್ಟಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಅಂಟಿನಿಂದ ಕೂರಿಸುವ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟುಗಳಿಗಾಗಿ 12 ಮಿಲಿಮೀಟರ್ ಅಗಲದ, 100 ಮಿಲಿಮೀಟರ್ ಆಳದ ಹದಿನಾಲ್ಕು ರಂಧ್ರಗಳನ್ನು ಒಂದೇ ಬ್ಯಾಟರಿ ಮುಗಿಸಿತು. ಟೊಳ್ಳು ಪದರ ಸಿಕ್ಕಿದಾಗ ಸದ್ದು ಬದಲಾಗುವುದು ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ. ಆದರೂ ಕೊರೆಯುವ ಮೊದಲು ಸುತ್ತಿಗೆಯಿಂದ ತಟ್ಟಿ ನೋಡುವುದನ್ನೂ, ಕೊರೆದ ಮೇಲೆ ಬ್ರಷ್ ಮತ್ತು ಊದುಕೊಳವೆಯಿಂದ ಪುಡಿಯನ್ನು ಪೂರ್ತಿ ತೆಗೆಯುವುದನ್ನೂ ಯಾವ ಡ್ರಿಲ್ಲೂ ತಪ್ಪಿಸಲಾರದು.

ಬ್ಯಾಟರಿ ಸೇರಿ ತೂಕ ಮೂರು ಕಿಲೋ ದಾಟುತ್ತದೆ. ನಾಲ್ಕೈದು ರಂಧ್ರಗಳ ನಂತರ ತೋಳಿಗೆ ಬಿಡುವು ಕೊಡಲೇಬೇಕು. ಹಿಡಿಕೆಗೆ ಗಟ್ಟಿ ದಾರ ಸುತ್ತಿ ಸೊಂಟದ ಹಾರ್ನೆಸ್‌ಗೆ ಕಟ್ಟಿಕೊಳ್ಳದೆ ಮೇಲೇರಬಾರದು, ಏಕೆಂದರೆ ಕೆಳಗೆ ಬಿಲೇ ಹಿಡಿದವನ, ಅಂದರೆ ಹಗ್ಗ ಹಿಡಿದು ಕಾಯುವವನ, ತಲೆಯಿದೆ. ವರ್ಷಕ್ಕೆ ಒಂದೆರಡು ಹಳೆಯ ಬೋಲ್ಟ್ ಬದಲಿಸುವವರಿಗೆ ಇಷ್ಟು ಖರ್ಚು ಬೇಡ, ಗೆಳೆಯರಿಂದ ಎರವಲು ತಂದರೆ ಸಾಕು. ಚಾಚುಬಂಡೆಯಲ್ಲಿ ಹೊಸ ರೂಟ್ ತೆರೆಯುವವರು ಮಾತ್ರ ಇದನ್ನು ಎರಡು ಬ್ಯಾಟರಿಗಳೊಂದಿಗೆ ಕೊಳ್ಳಲಿ.